ಒಣ ಚರ್ಮಕ್ಕೆ ಮದ್ದು: ಹದ ಆರುವ ಮುನ್ನ ಎಣ್ಣೆ

ಧನುರ್ಮಾಸದ ದಿನಗಳಲ್ಲಿ ಕೊಂಡ್ಲಹಳ್ಳಿಯ ಕಡೆಯ ಶಾಲಾ ಮಕ್ಕಳಿಗೆ ಸ್ಲೇಟು ಬೇಕಿಲ್ಲ. ಮೊಣಕಾಲಿನ ಕೆಳಗೆ ಉಗುರಿನಿಂದ ಗೀರಿದರೆ ಸಾಕು, ಬಿಳಿಯ ಗೆರೆ ಮೂಡುತ್ತದೆ. ಅದರಲ್ಲೇ ಹೆಸರು ಬರೆಯುವುದು, ಎಂಜಲು ಹಚ್ಚಿ ಅಳಿಸುವುದು. ಮಕ್ಕಳಿಗೆ ಅದೊಂದು ಆಟ. ಆದರೆ ಅದೇ ಮನೆಯ ಅಜ್ಜನಿಗೆ ರಾತ್ರಿಯಿಡೀ ಕಾಲು ತುರಿಕೆ, ನಿದ್ದೆಯಿಲ್ಲ. ಹೊಲದಲ್ಲಿ ಶೇಂಗಾ ಕಿತ್ತು ಬಂದ ತಾಯಿಗೆ ಹಿಮ್ಮಡಿಯ ಸೀಳು. ನಡೆದರೆ ಚುಚ್ಚುತ್ತದೆ, ನೀರು ಬಿದ್ದರೆ ಉರಿಯುತ್ತದೆ. ಮಗ್ಗದ ಮೇಲೆ ಕುಳಿತವರಿಗೆ ಮತ್ತೊಂದು ಪೇಚು. ಬಿರುಕು ಬಿಟ್ಟ ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ.

ಇಷ್ಟಕ್ಕೂ ಕಾರಣ ಒಂದೇ. ಚರ್ಮ ಒಣಗಿದೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ಇಲ್ಲಿ ಬೀಳುವುದು 500 ಮಿಲಿಮೀಟರಿನ ಆಸುಪಾಸು. ದೀಪಾವಳಿ ಕಳೆದ ಮೇಲೆ ಬೀಸುವ ಒಣ ಗಾಳಿ ಶಿವರಾತ್ರಿಯವರೆಗೂ ಬಿಡುವುದಿಲ್ಲ. ಅದು ನಿಲ್ಲುವ ಹೊತ್ತಿಗೆ ಬೇಸಿಗೆಯ ಬಿಸಿಲು ಆರಂಭ. ಇಂಥ ಹವೆಯಲ್ಲಿ ಬದುಕುವವರು ಚರ್ಮದ ತೇವವನ್ನು ಕಾಪಾಡಿಕೊಳ್ಳುವ ಬಗೆ ಹೇಗೆ? ದುಬಾರಿ ಕ್ರೀಮುಗಳು ಬೇಕೇ? ಬೇಡ. ಬೇಕಾದದ್ದು ಸ್ವಲ್ಪ ತಿಳಿವಳಿಕೆ ಮತ್ತು ಸರಿಯಾದ ಸಮಯ.

ಚರ್ಮ ಒಣಗುವುದೇಕೆ?

ನಮ್ಮ ಚರ್ಮದ ಅತ್ಯಂತ ಮೇಲಿನ ಪದರ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟೇ ದಪ್ಪ. ಸತ್ತ ಜೀವಕೋಶಗಳು ಇಟ್ಟಿಗೆಯಂತೆ ಒಂದರ ಪಕ್ಕ ಒಂದು ಕೂತಿರುತ್ತವೆ. ಅವುಗಳ ನಡುವೆ ಗಾರೆಯಂತೆ ಕೊಬ್ಬಿನ ಅಂಶ ತುಂಬಿರುತ್ತದೆ. ಈ ಗೋಡೆ ಗಟ್ಟಿಯಾಗಿದ್ದರೆ ಒಳಗಿನ ನೀರು ಹೊರಗೆ ಸುಲಭವಾಗಿ ಹೋಗದು, ಹೊರಗಿನ ರೋಗಾಣು ಒಳಗೆ ಬಾರದು.

ಬೆವರು ಬಾರದಿದ್ದರೂ ದಿನಕ್ಕೆ ಸುಮಾರು 300ರಿಂದ 400 ಮಿಲಿಲೀಟರ್ ನೀರು ನಮಗೆ ಅರಿವಿಲ್ಲದಂತೆಯೇ ಚರ್ಮದ ಮೂಲಕ ಆವಿಯಾಗುತ್ತದೆ. ಗಾಳಿ ಒಣಗಿದಷ್ಟೂ ಮೇಲ್ಪದರದ ತೇವ ಬೇಗ ಆರುತ್ತದೆ. ಈ ಪದರದಲ್ಲಿ ನೀರಿನ ಪ್ರಮಾಣ ಶೇ. 10ಕ್ಕಿಂತ ಕಡಿಮೆಯಾದರೆ ಚರ್ಮ ಬಳುಕುವ ಗುಣವನ್ನು ಕಳೆದುಕೊಳ್ಳುತ್ತದೆ. ಮೊದಲು ಬಿಳಿಯ ಹೊಟ್ಟು ಏಳುತ್ತದೆ. ಆಮೇಲೆ ತುರಿಕೆ. ಕೊನೆಗೆ ಬತ್ತಿದ ಕೆರೆಯ ಅಂಗಳದಂತೆ ಬಿರುಕು.

ದೇಹದ ಎಲ್ಲ ಭಾಗಗಳೂ ಒಂದೇ ರೀತಿ ಒಣಗುವುದಿಲ್ಲ. ಮುಖ ಮತ್ತು ತಲೆಯಲ್ಲಿ ಎಣ್ಣೆ ಒಸರುವ ಗ್ರಂಥಿಗಳು ಹೇರಳ. ಮೊಣಕಾಲಿನ ಕೆಳಗೆ ಅವು ಕಡಿಮೆ. ಅಂಗೈ ಮತ್ತು ಅಂಗಾಲಿನಲ್ಲಿ ಒಂದೂ ಇಲ್ಲ. ಗೀರಿದರೆ ಅಕ್ಷರ ಮೂಡುವುದು ಕಾಲಿನ ಮೇಲೇ ಏಕೆ, ಮೊದಲು ಸೀಳುವುದು ಹಿಮ್ಮಡಿಯೇ ಏಕೆ ಎಂಬುದು ಈಗ ನಿಮಗೆ ತಿಳಿದಿರಬಹುದು. ವಯಸ್ಸಾದಂತೆ ಈ ಗ್ರಂಥಿಗಳು ಸೊರಗುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಎಣ್ಣೆಯಂಶ ಬೇಗ ಇಳಿಯುತ್ತದೆ. ಆದ್ದರಿಂದಲೇ ಒಣ ಚರ್ಮದ ಕಾಟ ಮನೆಯ ಹಿರಿಯರಿಗೆ ಹೆಚ್ಚು.

ನೀರು ಕುಡಿದರೆ ಸಾಲದೇ?

"ಚೆನ್ನಾಗಿ ನೀರು ಕುಡಿಯಿರಿ, ಚರ್ಮ ತಾನಾಗಿಯೇ ಮಿರುಗುತ್ತದೆ" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದು ಅರ್ಧ ಸತ್ಯ. ದೇಹಕ್ಕೆ ನೀರು ಬೇಕೇ ಬೇಕು. ಬಿಸಿಲಲ್ಲಿ ದುಡಿಯುವವರು ಬಾಯಾರುವವರೆಗೆ ಕಾಯದೆ ಆಗಾಗ ಕುಡಿಯಬೇಕು. ಮೂತ್ರ ತಿಳಿ ಹಳದಿಯಾಗಿದ್ದರೆ ನೀರು ಸಾಕಷ್ಟಿದೆಯೆಂದು ತಿಳಿಯಬಹುದು. ಕಡು ಹಳದಿಯಾದರೆ ಸಾಲದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

ಆದರೆ ಮೇಲಿನ ಗೋಡೆ ಒಡೆದಿದ್ದರೆ, ಕೊಡಗಟ್ಟಲೆ ನೀರು ಕುಡಿದರೂ ಒಣ ಚರ್ಮ ಸರಿಹೋಗದು. ತೂತು ಬಿದ್ದ ಕೊಡಕ್ಕೆ ನೀರು ಸುರಿದಂತೆ. ತೂತು ಮುಚ್ಚುವುದು ಮೊದಲ ಕೆಲಸ.

ಇನ್ನೊಂದು ಪ್ರಶ್ನೆ ಈ ಭಾಗದವರಲ್ಲಿ ಸಹಜ. ಇಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಚರ್ಮ ಒಣಗುವುದು ಅದರಿಂದಲೇ? ಅಲ್ಲ. ಫ್ಲೋರೈಡ್ ಕೆಡಿಸುವುದು ಹಲ್ಲು ಮತ್ತು ಮೂಳೆಯನ್ನು, ಅದೂ ಕುಡಿದಾಗ. ಸ್ನಾನ ಮಾಡಿದರೆ ಅದು ಚರ್ಮದ ಮೂಲಕ ಹೆಚ್ಚೇನೂ ಒಳಸೇರುವುದಿಲ್ಲ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದು ನೆನಪಿರಲಿ. ಸ್ನಾನಕ್ಕೆ ತೊಂದರೆ ಕೊಡುವುದು ನೀರಿನ ಗಡಸುತನ. ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ. ನೊರೆ ಬರಲಿಲ್ಲವೆಂದು ನಾವು ಇನ್ನಷ್ಟು ಉಜ್ಜುತ್ತೇವೆ. ಸೋಪಿನ ಜಿಡ್ಡು ಬೂದಿಯ ಹಾಗೆ ಮೈಮೇಲೆಯೇ ಉಳಿದು ಚರ್ಮವನ್ನು ಕೆರಳಿಸುತ್ತದೆ.

ಸ್ನಾನದ ಮನೆಯಲ್ಲಿ ಆಗುವ ತಪ್ಪುಗಳು

ಚಳಿಗೆ ಹಂಡೆಯ ಸುಡುನೀರು ಹಿತವೇನೋ ಹೌದು. ತುರಿಕೆ ಇರುವವರಿಗಂತೂ ಬಿಸಿನೀರು ಬಿದ್ದಾಗ ಸ್ವರ್ಗಸುಖ. ಆದರೆ ಎಣ್ಣೆ ಹತ್ತಿದ ಪಾತ್ರೆಯ ಜಿಡ್ಡನ್ನು ಬಿಸಿನೀರು ಹೇಗೆ ಬಿಡಿಸುತ್ತದೋ, ಚರ್ಮದ ಗಾರೆಯನ್ನೂ ಹಾಗೆಯೇ ಬಿಡಿಸುತ್ತದೆ. ಸ್ನಾನ ಮುಗಿದ ಅರ್ಧ ಗಂಟೆಯಲ್ಲಿ ತುರಿಕೆ ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ. ನೀರು ಉಗುರುಬೆಚ್ಚಗಿದ್ದರೆ ಸಾಕು. ಸ್ನಾನ ಹತ್ತು ನಿಮಿಷದೊಳಗೆ ಮುಗಿಯಲಿ.

ಸೋಪಿನ ವಿಷಯ. ಆರೋಗ್ಯವಂತ ಚರ್ಮ ತುಸು ಆಮ್ಲೀಯ. ಮಾಮೂಲಿ ಸೋಪುಗಳೆಲ್ಲ ಕ್ಷಾರೀಯ. ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂದು ಬರೆದಿರುವ ಸಂಖ್ಯೆ ಸೋಪಿನಲ್ಲಿರುವ ಕೊಬ್ಬಿನಂಶವನ್ನು ಸೂಚಿಸುತ್ತದೆ. ಶೇ. 76 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮೊದಲ ದರ್ಜೆಯ ಸ್ನಾನದ ಸೋಪು. ಹಾಗೆಂದು ಅದು ಕ್ಷಾರವಲ್ಲವೆಂದಲ್ಲ. ಆದ್ದರಿಂದ ಚಳಿಗಾಲದಲ್ಲಿ ಕಂಕುಳು, ತೊಡೆಸಂದು ಮತ್ತು ಪಾದಗಳಿಗೆ ಮಾತ್ರ ಸೋಪು ಹಚ್ಚಿ. ಕೈಕಾಲು, ಬೆನ್ನು, ಹೊಟ್ಟೆಗೆ ಮಣ್ಣು ಮೆತ್ತಿಲ್ಲದಿದ್ದರೆ ಬರಿಯ ನೀರೇ ಸಾಕು. ಬಟ್ಟೆ ಒಗೆಯುವ ಸೋಪಿನಲ್ಲಿ ಮೈ ತೊಳೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ತೆಂಗಿನ ನಾರು, ಉಜ್ಜುವ ಕಲ್ಲು ಒಣಗಿದ ಮೈಗೆ ಬೇಡ.

ಇನ್ನು ಎಣ್ಣೆ ನೀರು. ನರಕ ಚತುರ್ದಶಿಯಿಂದ ಯುಗಾದಿಯವರೆಗೆ ನಮ್ಮಲ್ಲಿ ಎಣ್ಣೆ ಸ್ನಾನದ ಸಂಪ್ರದಾಯ ಬಂದದ್ದು ಒಳ್ಳೆಯದೇ. ಆದರೆ ನಾವು ಮಾಡುವುದೇನು? ಮೈಗೆಲ್ಲ ಎಣ್ಣೆ ತಿಕ್ಕಿ, ನಂತರ ಸುಡುನೀರು ಹುಯ್ದು, ಸೀಗೆಪುಡಿ ಅಥವಾ ಕಡಲೆಹಿಟ್ಟು ಹಾಕಿ ಜಿಡ್ಡಿನ ಕೊನೆಯ ಹನಿಯೂ ಉಳಿಯದಂತೆ ಉಜ್ಜುತ್ತೇವೆ. ಹಚ್ಚಿದ ಎಣ್ಣೆಯ ಜೊತೆಗೆ ಚರ್ಮದ ಸ್ವಂತ ಎಣ್ಣೆಯೂ ಬಚ್ಚಲಿಗೆ ಹೋಗುತ್ತದೆ. ತಲೆಗೆ ಸೀಗೆ ಇರಲಿ. ಮೈಗೆ ಎಣ್ಣೆ ಉಳಿಯಬೇಕಾದದ್ದು ನೀರಿನ ಮೊದಲಲ್ಲ, ನೀರಿನ ನಂತರ.

ಹದ ನೋಡಿ ಹಚ್ಚಿ

ಒಣ ಬೇಸಾಯದ ರೈತರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ. ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ಕುಂಟೆ ಹೊಡೆದು ಮೇಲ್ಮಣ್ಣು ಸಡಿಲಿಸಿದರೆ ಒಳಗಿನ ಹಸಿ ಉಳಿಯುತ್ತದೆ. ಹದ ಆರಿದ ಮೇಲೆ ಹರಗಿದರೆ ಏನು ಬಂತು? ಆಗ ಉಳಿಸಿಕೊಳ್ಳಲು ಒಳಗೆ ಹಸಿಯೇ ಇರುವುದಿಲ್ಲ.

ಚರ್ಮಕ್ಕೂ ಇಂಥದೇ ಒಂದು ಹದವುಂಟು. ಸ್ನಾನವಾದ ಕೂಡಲೇ ಮೇಲ್ಪದರ ನೀರು ಹೀರಿ ಮೆತ್ತಗಾಗಿರುತ್ತದೆ. ಟವೆಲಿನಿಂದ ಉಜ್ಜದೆ, ಮೆಲ್ಲಗೆ ಒತ್ತಿ ಹನಿಗಳನ್ನು ತೆಗೆಯಿರಿ. ಮೈ ಇನ್ನೂ ತುಸು ತೇವವಾಗಿರುವಾಗಲೇ, ಮೂರು ನಿಮಿಷದೊಳಗೆ, ತೆಳುವಾಗಿ ಎಣ್ಣೆ ಅಥವಾ ಮುಲಾಮು ಸವರಿ. ಒಳಸೇರಿದ ನೀರಿಗೆ ಮುಚ್ಚಳ ಹಾಕಿದಂತಾಗುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಖಾಲಿ ಡಬ್ಬಿಗೆ ಮುಚ್ಚಳ ಹಾಕಿದಂತೆ. ಎರಡು ಕಾಲಿಗೆ ಒಂದು ಚಹಾ ಚಮಚ ಎಣ್ಣೆ ಸಾಕು. ರಾತ್ರಿ ಮಲಗುವ ಮುನ್ನ ಕೈಕಾಲು ತೊಳೆದು ಇನ್ನೊಮ್ಮೆ ಹಚ್ಚಿದರೆ ಮತ್ತೂ ಒಳ್ಳೆಯದು.

ಯಾವುದನ್ನು ಹಚ್ಚಬೇಕು? ನೀರಾವಿಯನ್ನು ತಡೆಯುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಗೆ ಸಮನಾದದ್ದು ಬೇರೆ ಇಲ್ಲವೆನ್ನಬೇಕು. ಪರಿಮಳ ಬೆರೆಸದ ಜೆಲ್ಲಿ ಅಗ್ಗವೂ ಹೌದು. ಅದರ ಅಂಟು ಹಿಡಿಸದವರಿಗೆ ಕೊಬ್ಬರಿ ಎಣ್ಣೆ. ಫಿಲಿಪೀನ್ಸ್ ದೇಶದಲ್ಲಿ ಒಣ ಚರ್ಮದ 34 ಮಂದಿಯ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೊಬ್ಬರಿ ಎಣ್ಣೆ ಖನಿಜ ತೈಲದಷ್ಟೇ ಗುಣ ನೀಡಿತು. ಸೂರ್ಯಕಾಂತಿ ಎಣ್ಣೆಯೂ ಚರ್ಮಕ್ಕೆ ಒಗ್ಗುತ್ತದೆ. ದುಬಾರಿಯಾದ ಆಲಿವ್ ಎಣ್ಣೆಯೇ ಶ್ರೇಷ್ಠವೆಂಬ ನಂಬಿಕೆ ಪಟ್ಟಣಗಳಲ್ಲಿದೆ. ಆದರೆ ಅದು ಚರ್ಮದ ಗೋಡೆಯನ್ನು ಸಡಿಲಗೊಳಿಸುತ್ತದೆಂದು ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗ್ಲಿಸರಿನ್ ನೀರನ್ನು ಹಿಡಿದಿಡುವ ವಸ್ತು. ಅದನ್ನು ಹಾಗೆಯೇ ಹಚ್ಚದೆ ಸ್ವಲ್ಪ ನೀರು ಬೆರೆಸಿ ಹಚ್ಚಿ, ಮೇಲೆ ಎಣ್ಣೆ ಸವರಬೇಕು. ಮೊಡವೆ ಇರುವ ಹರೆಯದವರು ಮುಖಕ್ಕೆ ಎಣ್ಣೆ, ಜೆಲ್ಲಿ ಹಚ್ಚದಿರುವುದು ಮೇಲು.

ಎರಡು ಎಚ್ಚರಿಕೆ. ಅಂಗಾಲಿಗೆ ಎಣ್ಣೆ ಹಚ್ಚಿ ಬಚ್ಚಲಲ್ಲಿ ನಡೆದರೆ ಜಾರುತ್ತದೆ. ಹಿರಿಯರಿಗೆ ಹಾಸಿಗೆಯ ಮೇಲೆ ಕೂರಿಸಿ ಹಚ್ಚಿ, ಕಾಲುಚೀಲ ಹಾಕಿ. ಇನ್ನೊಂದು, ಜೆಲ್ಲಿ ಮತ್ತು ಎಣ್ಣೆ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಒಲೆಯ ಮುಂದೆ ಕೂರುವವರು ಜಾಗ್ರತೆ.

ಕೂಸಿಗೆ ಶೇಂಗಾ ಎಣ್ಣೆ ಬೇಡ

ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಸುತ್ತಲೆಲ್ಲ ಶೇಂಗಾ ಬೆಳೆ. ಮನೆಯಲ್ಲಿ ಸುಲಭವಾಗಿ ಸಿಗುವ ಎಣ್ಣೆಯನ್ನೇ ಕೂಸಿಗೂ ಹಚ್ಚುವುದು ಸಹಜ. ಆದರೆ ಇಲ್ಲಿ ಸ್ವಲ್ಪ ಯೋಚಿಸಬೇಕು. ಕೆಂಪಾಗಿ ಒಡೆದ, ಕಜ್ಜಿಯಂತಾದ ಚರ್ಮದ ಮೇಲೆ ಶೇಂಗಾ ಎಣ್ಣೆ ಬೆರೆತ ಮುಲಾಮು ಹಚ್ಚಿದ ಮಕ್ಕಳಲ್ಲಿ ಮುಂದೆ ಶೇಂಗಾಕ್ಕೆ ಅಲರ್ಜಿ ಹೆಚ್ಚು ಕಂಡುಬಂತೆಂದು 2003ರಲ್ಲಿ ಬ್ರಿಟನ್ನಿನ ವೈದ್ಯರು ವರದಿ ಮಾಡಿದರು. ಗಾಣದ ಎಣ್ಣೆಯಲ್ಲಿ ಕಾಳಿನ ಪ್ರೋಟೀನು ಸ್ವಲ್ಪ ಉಳಿದಿರುತ್ತದೆ. ಒಡೆದ ಚರ್ಮದ ಮೂಲಕ ಅದು ಒಳಹೋದರೆ ದೇಹ ಅದನ್ನು ಶತ್ರುವೆಂದು ಗುರುತಿಸಿಬಿಡಬಹುದು. ಮಗುವಿಗೆ ಕೊಬ್ಬರಿ ಎಣ್ಣೆಯೇ ಇರಲಿ. ಕಿವಿ ಮೂಗಿಗೆ ಎಣ್ಣೆ ಬಿಡುವುದು, ಸುಡುನೀರು ಎರೆಯುವುದು, ಕಡಲೆಹಿಟ್ಟಿನಿಂದ ತಿಕ್ಕುವುದು ಬೇಡ.

ಶೇಂಗಾ ತಿನ್ನುವ ಮಾತು ಬೇರೆ. ಚರ್ಮಕ್ಕೆ ಬೇಕಾದ ಅವಶ್ಯಕ ಕೊಬ್ಬಿನಾಮ್ಲ ಮತ್ತು ನಯಾಸಿನ್ ಎಂಬ ಬಿ ಜೀವಸತ್ವ ಅದರಲ್ಲಿವೆ. ಮಕ್ಕಳ ಮೊಣಕೈ, ಮೊಣಕಾಲಿನ ಮೇಲೆ ಕಪ್ಪೆಯ ಬೆನ್ನಿನಂತೆ ಮುಳ್ಳುಮುಳ್ಳು ಗುಳ್ಳೆ ಎದ್ದರೆ ಅದು ಹವೆಯ ದೋಷವಲ್ಲ, ಆಹಾರದ ಕೊರತೆಯಿರಬಹುದು. ನುಗ್ಗೆಸೊಪ್ಪು, ಪರಂಗಿಹಣ್ಣು, ಮೊಟ್ಟೆ, ಹಾಲು, ಶೇಂಗಾ ಕೊಡಿ. ವೈದ್ಯರಿಗೂ ತೋರಿಸಿ.

ಹಿಮ್ಮಡಿಯ ಸೀಳು ಸಣ್ಣದಲ್ಲ

ಹತ್ತು ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಒಬ್ಬ ರೈತನನ್ನು ನೆನೆಸಿಕೊಳ್ಳಿ. ಕಾಯಿಲೆ ಅವನ ಕಾಲಿನ ನರಗಳನ್ನು ಮಂಕಾಗಿಸಿದೆ. ಹಿಮ್ಮಡಿ ಸೀಳಿ ಒಳಗಿನ ಕೆಂಪು ಕಂಡರೂ ಅವನಿಗೆ ನೋವಿಲ್ಲ. ನೋವಿಲ್ಲವೆಂದು ಬರಿಗಾಲಲ್ಲೇ ಹೊಲಕ್ಕೆ, ಕೊಟ್ಟಿಗೆಗೆ ಓಡಾಡುತ್ತಾನೆ. ಸೀಳಿನಲ್ಲಿ ಮಣ್ಣು, ಸಗಣಿ ಸೇರಿ ಕೀವಾಗುತ್ತದೆ. ವಾಸನೆ ಬಂದಾಗ ಮನೆಯವರಿಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಸೋಂಕು ಮೂಳೆಗೆ ಇಳಿದಿದ್ದರೆ ಕಾಲನ್ನೇ ಕತ್ತರಿಸಬೇಕಾದೀತು. ಒಂದು ಡಬ್ಬಿ ಜೆಲ್ಲಿ, ಒಂದು ಜೊತೆ ಚಪ್ಪಲಿಯಿಂದ ತಪ್ಪಿಸಬಹುದಾಗಿದ್ದ ಅನಾಹುತ ಅದು.

ಆದ್ದರಿಂದ ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಪ್ರತಿದಿನ ಸಂಜೆ ಅವರ ಪಾದಗಳನ್ನು ಬೆಳಕಿನಲ್ಲಿ ನೋಡಿ. ಅವರಿಗೆ ಕಾಣದಿದ್ದರೆ ಮಗನೋ ಸೊಸೆಯೋ ಮೊಮ್ಮಗಳೋ ನೋಡಲಿ. ಹಿಮ್ಮಡಿಗೆ ಜೆಲ್ಲಿ ಹಚ್ಚಿ. ಬೆರಳುಗಳ ಸಂದಿಗೆ ಮಾತ್ರ ಬೇಡ, ಅಲ್ಲಿ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ಇಂಥವರು ಬಿಸಿನೀರಿನಲ್ಲಿ ಕಾಲು ನೆನೆಸಬಾರದು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಸಕ್ಕರೆ ಕಾಯಿಲೆ ಇಲ್ಲದವರು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಪಾದ ನೆನೆಸಿ, ಗಟ್ಟಿ ಚರ್ಮವನ್ನು ಕಲ್ಲಿನಿಂದ ಹಗುರವಾಗಿ ಉಜ್ಜಿ, ಒರೆಸಿ, ಜೆಲ್ಲಿ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಲಿ. ಯೂರಿಯಾ ಇರುವ ಕ್ರೀಮು ಗಟ್ಟಿ ಚರ್ಮವನ್ನು ಮೆದುವಾಗಿಸುತ್ತದೆ. ಇದನ್ನು ಔಷಧದ ಅಂಗಡಿಯಲ್ಲೇ ಕೊಳ್ಳಿ. ಹೊಲಕ್ಕೆ ಹಾಕುವ ಯೂರಿಯಾ ಅಲ್ಲ! ಬ್ಲೇಡಿನಿಂದ ಹೆರೆಯುವುದು, ಕಾಯಿಸಿದ ಮೇಣ ಸುರಿಯುವುದು ಅಪಾಯ. ಸೀಳಿನಿಂದ ರಕ್ತ ಬಂದು ಮಣ್ಣು ಸೇರಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಿ.

ನೇಯುವವರು ಹಗಲು ಎಣ್ಣೆ ಹಚ್ಚಿದರೆ ಸೀರೆಗೆ ಕಲೆಯಾಗುತ್ತದೆ. ಅವರಿಗೆ ರಾತ್ರಿಯೇ ಸೂಕ್ತ. ಬಣ್ಣ ಹಾಕುವವರು ಕೈಗವಸು ಬಿಡಬಾರದು. ಚಳ್ಳಕೆರೆಯ ಕಂಬಳಿ ಚಳಿಗೆ ಬಲು ಬೆಚ್ಚಗೆ, ಆದರೆ ಒಣ ಮೈಗೆ ಉಣ್ಣೆ ಚುಚ್ಚುತ್ತದೆ. ಒಳಗೊಂದು ಹತ್ತಿಯ ಹೊದಿಕೆ ಇರಲಿ.

ಎಲ್ಲ ತುರಿಕೆಯೂ ಒಣ ಚರ್ಮವಲ್ಲ

ರಾತ್ರಿ ಹೊತ್ತು ಮನೆಮಂದಿಯೆಲ್ಲ ತುರಿಸಿಕೊಳ್ಳುತ್ತಿದ್ದರೆ, ಬೆರಳ ಸಂದಿಯಲ್ಲಿ ಗುಳ್ಳೆಗಳಿದ್ದರೆ ಅದು ಕಜ್ಜಿ. ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಉಂಗುರದಂತೆ ಹರಡಿದರೆ ಹುಳುಕಡ್ಡಿ. ಮಚ್ಚೆಯ ಜಾಗ ಒಣಗಿ, ಬೆವರದೆ, ಮುಟ್ಟಿದರೆ ತಿಳಿಯದಿದ್ದರೆ ಕುಷ್ಠರೋಗವಿರಬಹುದು. ಅಂಜಬೇಕಿಲ್ಲ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ, ಪೂರ್ತಿ ಗುಣವಾಗುತ್ತದೆ. ಎರಡು ವಾರ ಎಣ್ಣೆ ಹಚ್ಚಿದರೂ ಹಿರಿಯರ ತುರಿಕೆ ಇಳಿಯದಿದ್ದರೆ ಸಕ್ಕರೆ, ಥೈರಾಯಿಡ್, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಬೇಕು.

ಅಂಗಡಿಯವರನ್ನು ಕೇಳಿ ಸಿಕ್ಕ ಟ್ಯೂಬು ಹಚ್ಚುವ ಚಾಳಿ ಮಾತ್ರ ಖಂಡಿತ ಬೇಡ. ಅವುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ತುರಿಕೆ ಮಾಯ, ಮುಖವೂ ಬೆಳ್ಳಗೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗಿ, ಕೆಂಪು ನರಗಳು ಕಾಣುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ.

ನೆನಪಿಡಿ

* ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದ ಸ್ನಾನ, ಕಡಿಮೆ ಸೋಪು.
* ಒರೆಸಿಕೊಂಡ ಮೂರು ನಿಮಿಷದೊಳಗೆ ಎಣ್ಣೆ ಅಥವಾ ಜೆಲ್ಲಿ.
* ಕೂಸಿಗೆ ಕೊಬ್ಬರಿ ಎಣ್ಣೆ. ಒಡೆದ ಚರ್ಮಕ್ಕೆ ಶೇಂಗಾ ಎಣ್ಣೆ ಬೇಡ.
* ಬರಿಗಾಲು ಬೇಡ. ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷೆ ದಿನವೂ ನಡೆಯಲಿ.
* ವೈದ್ಯರ ಸಲಹೆಯಿಲ್ಲದೆ ಯಾವ ಟ್ಯೂಬೂ ಬೇಡ.

ಮಳೆ ತರಿಸುವುದು ನಮ್ಮ ಕೈಯಲ್ಲಿಲ್ಲ. ಬಿದ್ದ ಮಳೆಯ ಹಸಿಯನ್ನು ಉಳಿಸಿಕೊಳ್ಳುವುದು ಈ ನೆಲದ ರೈತರಿಗೆ ಗೊತ್ತು. ಅದೇ ಜಾಣತನವನ್ನು ನಾಳೆ ಬೆಳಿಗ್ಗೆ ಬಚ್ಚಲಿನಿಂದ ಹೊರಬಂದಾಗ ನಿಮ್ಮ ಮೈಮೇಲೂ ಪ್ರಯೋಗಿಸಿ ನೋಡಿ. ಮೊದಲು ಅಜ್ಜನ ಕಾಲಿಗೆ ಹಚ್ಚಿ. ವಾರ ಕಳೆಯುವುದರೊಳಗೆ ಅವರು ರಾತ್ರಿ ನೆಮ್ಮದಿಯಾಗಿ ಮಲಗಿಯಾರು.